ಪದಚರ್ಚೆ: ಸೀಡ್ ಫೀಲ್ಡ್‌ಗೆ ‘ಹೆಪ್ಪು’ ಒಗ್ಗುತ್ತಾ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. ಗೆಲಾಕ್ಸಿಗಳ ಕಾಂತಕ್ಷೇತ್ರ ಎಲ್ಲಿಂದ ಬಂತು, ಅದರಲ್ಲಿ ಡಾರ್ಕ್ ಮ್ಯಾಟರ್‌ನ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಇರುವು ಗೊತ್ತಾಗುವ ದ್ರವ್ಯ) ಪಾತ್ರ ಇರಬಹುದೇ ಅನ್ನುವುದು ವಿಷಯ. ‘ಸೀಡ್ ಫೀಲ್ಡ್’ ಅನ್ನೋ ಮಾತಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನಮ್ಮ ಆಕಾಶಗಂಗೆಯ ಕಾಂತಕ್ಷೇತ್ರ ಕೆಲವೇ ಮೈಕ್ರೋಗಾಸ್ (ಗಾಸ್ ಅಂದರೆ ಕಾಂತಕ್ಷೇತ್ರದ ಬಲದ ಅಳತೆ, ಮೈಕ್ರೋಗಾಸ್ ಅದರ ಹತ್ತು ಲಕ್ಷದಲ್ಲೊಂದು ಪಾಲು). ಭೂಮಿಯದು ಸುಮಾರು ಅರ್ಧ ಗಾಸ್. ಅದರ ಮುಂದೆ ಇದು ಹೆಚ್ಚುಕಡಿಮೆ ಲಕ್ಷದಲ್ಲೊಂದು ಪಾಲು. ಆದರೆ ಹರಡಿರುವುದು ಸಾವಿರಾರು ಜ್ಯೋತಿರ್ವರ್ಷ! ಗೆಲಾಕ್ಸಿ ತಿರುಗುತ್ತಾ, ಒಳಗಿನ ಅನಿಲ ಕದಡುತ್ತಾ ಈ ಕ್ಷೇತ್ರ ಬಲಿಯುತ್ತದೆ. ಇದನ್ನೇ ಡೈನಮೋ ಅನ್ನುತ್ತಾರೆ. ಡೈನಮೋ ಇದ್ದದ್ದನ್ನು ಬೆಳೆಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ? ಹಾಗಾಗಿ ಮೊದಲಿಗೆ ತೀರಾ ಸಣ್ಣದೊಂದು ಕ್ಷೇತ್ರ ಬೇಕು. ಅದೇ ಸೀಡ್ ಫೀಲ್ಡ್.

ಅದು ಹುಟ್ಟಿದ್ದು ಹೇಗೆ ಅನ್ನುವುದಕ್ಕೆ ಹಲವು ಊಹೆಗಳಿವೆ. ಖಭೌತ ವಿಜ್ಞಾನಿ ಲುಡ್ವಿಗ್ ಬಿಯರ್‌ಮನ್ 1950ರಲ್ಲಿ ಹೇಳಿದ ‘ಬ್ಯಾಟರಿ’ (ಬಿಸಿ ಅನಿಲದಲ್ಲಿ ಎಲೆಕ್ಟ್ರಾನುಗಳ ಒತ್ತಡದ ಏರುಪೇರಿನಿಂದ ಕರೆಂಟು ಹುಟ್ಟುತ್ತದೆ ಅನ್ನುವ ಊಹೆ) ಹಳೆಯದು. ಡಾರ್ಕ್ ಮ್ಯಾಟರ್‌ನ ಊಹೆಗಳಲ್ಲಿ ನನಗೆ ಹಿಡಿಸಿದ್ದು ಇದು: ಅದರ ಕಣಗಳಿಗೆ ಒಂದು ಚೂರು ವಿದ್ಯುದಂಶ ಇದೆ ಅಂದುಕೊಳ್ಳಿ. ಆಗ ಅವು ಸುತ್ತಲಿನ ಪ್ರೋಟಾನು, ಎಲೆಕ್ಟ್ರಾನುಗಳನ್ನು ತಳ್ಳುತ್ತವೆ. ಪ್ರೋಟಾನು 1836 ಪಟ್ಟು ಭಾರ, ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಎಲೆಕ್ಟ್ರಾನು ಹಗುರ, ಬೇಗ ಸರಿಯುತ್ತದೆ. ಎರಡರ ವೇಗ ಬೇರೆಯಾಯಿತು ಅಂದರೆ ಕರೆಂಟು ಹರಿಯಿತು. ಕರೆಂಟು ಇದ್ದಲ್ಲಿ ಕಾಂತಕ್ಷೇತ್ರ ಇದ್ದೇ ಇದೆ. ಇದಿನ್ನೂ ರುಜುವಾತಾಗಿಲ್ಲ, ಲೇಖನದಲ್ಲೂ ಹಾಗೇ ಹೇಳುತ್ತೇನೆ.

ಈಗ ಪದಕ್ಕೆ ಬರುತ್ತೇನೆ. ‘ಬೀಜಕ್ಷೇತ್ರ’ ಅಂದರೆ ಬಿತ್ತನೆ ಬೀಜ ಬೆಳೆಯುವ ಹೊಲ ಅನ್ನಿಸಿಬಿಡುತ್ತದೆ. ‘ಮೂಲಕ್ಷೇತ್ರ’ ಅಂದರೆ ಯಾವುದೋ ದೇವಸ್ಥಾನದ ಊರು. ನನಗೆ ‘ಹೆಪ್ಪು’ ಸರಿ ಅನ್ನಿಸುತ್ತಿದೆ. ಹೆಪ್ಪು ಹಾಕದೆ ಹಾಲು ಮೊಸರಾಗುವುದಿಲ್ಲ, ಒಂದು ಚಮಚ ಹಾಕಿದರೂ ಪಾತ್ರೆಯೆಲ್ಲಾ ಮೊಸರು. ಡೈನಮೋ ಕೂಡ ಹಾಗೇ. ಸಾಕಷ್ಟು ಕಾಲ ಸಿಕ್ಕರೆ ಕೊನೆಗೆ ಕ್ಷೇತ್ರ ಎಷ್ಟು ಬಲವಾಗುತ್ತದೆ ಅನ್ನುವುದು ಶುರುವಿನಲ್ಲಿ ಎಷ್ಟಿತ್ತು ಅನ್ನುವುದರ ಮೇಲೆ ಅಷ್ಟಾಗಿ ನಿಂತಿಲ್ಲ.

ಒಂದೇ ತೊಡಕು. ‘ಹೆಪ್ಪುಗಟ್ಟು’ ಅಂದರೆ ಗಟ್ಟಿಯಾಗು ಅಂತಲೂ ಇದೆ, ರಕ್ತ ಹೆಪ್ಪುಗಟ್ಟಿತು ಅನ್ನುತ್ತೇವೆ. ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುದಂಶವಿರುವ ಕಣಗಳಾಗಿ ಒಡೆದ ಅನಿಲದಲ್ಲಿ, ಕಾಂತರೇಖೆಗಳು ಅನಿಲಕ್ಕೆ ಅಂಟಿಕೊಂಡು ಅದರ ಜೊತೆಗೇ ಸಾಗುವುದಕ್ಕೆ ‘ಫ್ರೋಜನ್ ಇನ್’ ಅನ್ನುವ ಮಾತಿದೆ. ಅದಕ್ಕೆ ‘ಹೆಪ್ಪುಗಟ್ಟಿದ ಕ್ಷೇತ್ರ’ ಅಂತ ಈಗಾಗಲೇ ಬರೆದಿಟ್ಟುಕೊಂಡಿದ್ದೇನೆ. ಒಂದೇ ಲೇಖನದಲ್ಲಿ ಎರಡೂ ಬಂದರೆ ಮಕ್ಕಳಿಗೆ ಗೊಂದಲ ಆಗುತ್ತಾ?

‘ಹೆಪ್ಪುಕ್ಷೇತ್ರ’ ಇಟ್ಟುಕೊಂಡು, ಇನ್ನೊಂದಕ್ಕೆ ‘ಅಂಟಿದ ಕ್ಷೇತ್ರ’ ಅನ್ನಬಹುದೇ? ನಿಮ್ಮ ಕಡೆ ಹೆಪ್ಪಿಗೆ ಬೇರೆ ಹೆಸರಿದ್ದರೆ ದಯವಿಟ್ಟು ಅದನ್ನೂ ತಿಳಿಸಿ.