ನೋವಿಗೆ ಅರ್ಥವಿದೆಯೇ? ಹಟ್ಟಿಹೊಳೆ ಕಡೆಯಿಂದ ಒಂದು ಪ್ರಶ್ನೆ

ಹಟ್ಟಿಹೊಳೆ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಹಟ್ಟಿಹೊಳೆ ಕಡೆಯ ಸಣ್ಣ ಕಾಫಿ ಬೆಳೆಗಾರ, ಕ್ಯಾಥೊಲಿಕ್ ಕುಟುಂಬದವನು. 2018ರ ಆಗಸ್ಟ್ ತಿಂಗಳಲ್ಲಿ ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಜರಿದು, ಒಂದೇ ಬೆಳಗಿನಲ್ಲಿ ಎರಡು ಎಕರೆ ರೋಬಸ್ಟಾ ತೋಟವೂ ಕಾಫಿ ಒಣಗಿಸುವ ಕಣವೂ ಅರ್ಧ ಮನೆಯೂ ಹೊಳೆಯ ಪಾಲಾದವು. ನಮ್ಮ ಮನೆಯಲ್ಲಿ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಅದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಿಯೇ ನಾವು ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿದೆವು. ಆ ದಿನಗಳಲ್ಲಿ ನನ್ನ ನಂಬಿಕೆ ಅಲುಗಲಿಲ್ಲ ಎಂಬುದನ್ನು ನಿಜವಾಗಿಯೇ ಹೇಳುತ್ತೇನೆ.

ಅಲುಗಿದ್ದು ಈಗ. ಎರಡು ವರ್ಷಗಳಿಂದ ನನ್ನ ಪತ್ನಿಯ ಎರಡೂ ಮೂತ್ರಪಿಂಡಗಳು ಕೆಲಸ ಮಾಡುತ್ತಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಮಡಿಕೇರಿಗೆ ಕರೆದೊಯ್ಯುತ್ತೇನೆ. ಕುಡಿಯುವ ನೀರು ದಿನಕ್ಕೆ ಅರ್ಧ ಲೀಟರ್ ಮೀರಬಾರದೆಂದು ವೈದ್ಯರು ಹೇಳಿದ್ದಾರೆ. ಅದರಲ್ಲಿ ಕಾಫಿ, ಸಾರು, ಮಾತ್ರೆ ನುಂಗುವ ನೀರು ಎಲ್ಲವೂ ಸೇರಬೇಕು. ಅಡುಗೆಮನೆಯಲ್ಲಿ ಒಂದು ಪುಟ್ಟ ಸ್ಟೀಲ್ ಲೋಟವನ್ನು ಅವಳು ಅಳತೆಗೆಂದೇ ಇಟ್ಟುಕೊಂಡಿದ್ದಾಳೆ. ಹೊರಗೆ ಹಗಲು ರಾತ್ರಿ ಮಳೆ ಸುರಿಯುತ್ತಿರುವಾಗ ಒಳಗೆ ಅವಳು ಆ ಲೋಟದ ತಳದಲ್ಲಿ ಎಷ್ಟು ಉಳಿದಿದೆಯೆಂದು ಬಾಗಿಸಿ ನೋಡುವುದನ್ನು ಕಂಡಾಗ ನನಗೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ.

ಬಂಧುಗಳೂ ಪ್ರಾರ್ಥನಾ ಕೂಟದವರೂ ಮೂರು ಬಗೆಯ ಮಾತು ಹೇಳಿದ್ದಾರೆ. ನಿವೇದಿಸದ ಪಾಪವೇನೋ ಉಳಿದಿರಬೇಕು, ಇಲ್ಲವಾದರೆ ಒಂದರ ಮೇಲೊಂದು ಪೆಟ್ಟು ಬೀಳುವುದಿಲ್ಲ ಎಂದವರಿದ್ದಾರೆ. ದೇವರು ತಾನು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಎಂದವರಿದ್ದಾರೆ. ನೋವನ್ನು ಶಿಲುಬೆಗೆ ಒಪ್ಪಿಸಿಬಿಡಿ, ಅರ್ಥ ತಾನಾಗಿ ತಿಳಿಯುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಮೊದಲ ಮಾತಿಗೆ ಕೋಪ ಬಂತು, ಎರಡನೆಯದಕ್ಕೆ ಭಯವಾಯಿತು, ಮೂರನೆಯದು ಅರ್ಥವಾಗಲಿಲ್ಲ. ನಂಬಿಕೆಯನ್ನು ಬಿಡುವ ಮನಸ್ಸಿಲ್ಲದೆ, ಸುಳ್ಳನ್ನೂ ಹೇಳಿಕೊಳ್ಳದೆ, ಇಂಥ ನೋವಿನಲ್ಲಿ ಅರ್ಥವನ್ನೂ ಭರವಸೆಯನ್ನೂ ಕಾಣುವ ದಾರಿ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ವಿರಾಜಪೇಟೆಯ ನಿವೃತ್ತ ಅಧ್ಯಾಪಕ:

ಪ್ರಿಯ ಸಹೋದರರೇ, ನಿಮಗೆ ಕೋಪ ಬಂದದ್ದು ಸರಿಯಾಗಿಯೇ ಇದೆ. ಆ ಮೊದಲ ಮಾತು ಶುಭಸಂದೇಶಕ್ಕೇ ವಿರುದ್ಧವಾದದ್ದು. ಲೂಕನ ಹದಿಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಸಿಲೋವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದೆಲ್ಲರಿಗಿಂತ ದೊಡ್ಡ ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಯೇಸು ಕೇಳಿ, ಖಂಡಿತ ಅಲ್ಲ ಎಂದು ತಾವೇ ಉತ್ತರಿಸುತ್ತಾರೆ. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗಲೂ ಅವರು ಕೊಟ್ಟ ಉತ್ತರ ಇಬ್ಬರೂ ಅಲ್ಲ ಎಂಬುದೇ. ಬರೆ ಕುಸಿದ ನಾಡಿನಲ್ಲಿ ಬಾಳುವ ನಾವು ಆ ಗೋಪುರದ ಮಾತನ್ನು ವರ್ಷಕ್ಕೊಮ್ಮೆಯಾದರೂ ದೇವಾಲಯದಲ್ಲಿ ಗಟ್ಟಿಯಾಗಿ ಓದಬೇಕೆಂದು ನನಗೆ ಅನ್ನಿಸುತ್ತದೆ.

ಯೋಬನ ಗ್ರಂಥದಲ್ಲಿಯೂ ಇದೇ ವಿಷಯವಿದೆ. ಅವನು ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡಾಗ ಮೂವರು ಸ್ನೇಹಿತರು ಮೊದಲು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ದೇವರ ಪರವಾಗಿ ವಾದಿಸುತ್ತಾ ಹೋದರು, ಯೋಬನ ಮೇಲೆ ಪಾಪ ಹೊರಿಸಿದರು. ಕೊನೆಯಲ್ಲಿ ದೇವರು ಕೋಪಗೊಂಡದ್ದು ದೂರಿದ ಯೋಬನ ಮೇಲಲ್ಲ, ತನ್ನನ್ನು ಸಮರ್ಥಿಸಿದ ಆ ಸ್ನೇಹಿತರ ಮೇಲೆ. ಆದ್ದರಿಂದ ನಿಮ್ಮ ಬಾಯಿಗೆ ಪ್ರಾರ್ಥನೆ ಬಾರದಿದ್ದರೆ ದೂರನ್ನೇ ಪ್ರಾರ್ಥನೆಯಾಗಿ ಹೇಳಿ; ಅದನ್ನು ಕೇಳಿಸಿಕೊಳ್ಳದ ದೇವರು ನಮ್ಮ ದೇವರಲ್ಲ.

ನಮ್ಮ ಊರಿನದೇ ಒಂದು ಸಂಗತಿಯನ್ನೂ ಹೇಳಬೇಕು. 1784ರಲ್ಲಿ ಕರಾವಳಿಯ ಕ್ರೈಸ್ತರು ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದು ನಿಮಗೆ ತಿಳಿದೇ ಇದೆ. ತಪ್ಪಿಸಿಕೊಂಡು ಬಂದವರಲ್ಲಿ ಕೆಲವರಿಗೆ ನೆಲೆ ಕೊಟ್ಟವನು ಕೊಡಗಿನ ಅರಸ ದೊಡ್ಡವೀರರಾಜೇಂದ್ರ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಆರಂಭವಾದದ್ದು 1792ರಲ್ಲಿ, ಆ ಅರಸನ ಕಾಲದಲ್ಲಿಯೇ. ಆ ಅರಸನೂ ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು. ಸೆರೆಯೊಳಗಿನ ಕತ್ತಲೆಯನ್ನು ಕಂಡವನಾದ್ದರಿಂದಲೇ ಅವನು ಇನ್ನೊಬ್ಬ ಸೆರೆಯಾಳಿಗೆ ಜಾಗ ಕೊಟ್ಟನೆಂದು ಚರಿತ್ರೆ ಬರೆದಿಟ್ಟಿಲ್ಲ, ಆದರೆ ಆ ದೇವಾಲಯದ ಬೆಂಚಿನ ಮೇಲೆ ಕುಳಿತಾಗಲೆಲ್ಲ ನಾನು ಹಾಗೆ ನೆನೆಯುತ್ತೇನೆ. ನಮಗೆ ದೇವರಿಂದ ದೊರೆತ ಸಾಂತ್ವನದಿಂದ ನಾವು ಇತರರನ್ನು ಸಂತೈಸಬಲ್ಲೆವು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ನನ್ನ ಮಟ್ಟಿಗೆ ಇಂಥ ನೆನಪಿನಿಂದಲೇ ಜೀವ ಪಡೆಯುತ್ತದೆ.

ಸೋಮವಾರಪೇಟೆ ಓದುಗ:

ಸರ್, ನಾನು ಕ್ರೈಸ್ತನಲ್ಲ. ಆದರೂ ಕಂಡದ್ದೊಂದನ್ನು ಹೇಳಬಹುದೆಂದುಕೊಂಡಿದ್ದೇನೆ. 2018ರಲ್ಲಿ ನಾವು ಇದ್ದ ಪರಿಹಾರ ಕೇಂದ್ರಕ್ಕೆ ಮುಕ್ಕೋಡ್ಲು ಕಡೆಯ ಅಜ್ಜಿಯೊಬ್ಬರನ್ನು ಎತ್ತಿಕೊಂಡು ತಂದರು. ಮೊಣಕಾಲವರೆಗೆ ಕೆಸರು ಒಣಗಿ ಹಕ್ಕಳೆಗಟ್ಟಿತ್ತು. ಕನ್ಯಾಸ್ತ್ರೀಯೊಬ್ಬರು ಬೋಗುಣಿಯಲ್ಲಿ ಬಿಸಿನೀರು ತಂದು, ನೆಲದ ಮೇಲೆ ಕುಳಿತು, ಬೆರಳಿನ ಸಂದಿಯ ಮಣ್ಣನ್ನೆಲ್ಲ ಬಿಡಿಸಿ ತೊಳೆದರು. ಅರ್ಧ ಗಂಟೆ ಹಿಡಿಯಿತು. ಅಜ್ಜಿ ತಮ್ಮ ಕೊಡಗಿನ ದೇವರು ಇಗ್ಗುತಪ್ಪನನ್ನು ಕರೆದು ಅಳುತ್ತಿದ್ದರು. ಆ ಕನ್ಯಾಸ್ತ್ರೀ ಒಮ್ಮೆಯೂ ತಡೆಯಲಿಲ್ಲ, ತಮ್ಮ ದೇವರ ಹೆಸರನ್ನೂ ಎತ್ತಲಿಲ್ಲ. ಅಲ್ಲಿ ಏನೋ ಒಂದು ಅರ್ಥವಿದೆಯೆಂದು ನನಗೆ ಅಂದು ಅನ್ನಿಸಿತು. ಅದನ್ನು ವಿವರಿಸಲು ನನಗೆ ಬರುವುದಿಲ್ಲ.

ಸಿದ್ದಾಪುರದ ಸಹೋದರಿ:

ಅಣ್ಣಾ, ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್) ಸಭೆಯವಳು. ನನ್ನ ಮಗ ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡು ಆರು ವರ್ಷವಾಯಿತು. ಆದ್ದರಿಂದ ಮೇಲಿನ ಹಿರಿಯರು ಬಿಟ್ಟ ಎರಡನೆಯ ಹಾಗೂ ಮೂರನೆಯ ಮಾತುಗಳ ಬಗ್ಗೆ ಬರೆಯುವ ಧೈರ್ಯ ಮಾಡುತ್ತೇನೆ.

ದೇವರು ಪರೀಕ್ಷಿಸುವುದಕ್ಕಾಗಿ ನನ್ನ ಮಗನನ್ನು ತೆಗೆದುಕೊಂಡನೆಂದು ನಾನು ನಂಬುವುದಿಲ್ಲ. ತೀರಿಹೋದ ಸ್ನೇಹಿತ ಲಾಜರನ ಸಮಾಧಿಯ ಮುಂದೆ ಯೇಸು ಅತ್ತನೆಂದು ಯೋಹಾನನು ಬರೆದಿದ್ದಾನೆ. ಸ್ವಲ್ಪ ಹೊತ್ತಿನಲ್ಲಿ ತಾನೇ ಅವನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಅತ್ತನು. ಸಾವು ಒಳ್ಳೆಯದೇ ಆಗಿದ್ದರೆ, ಅದರ ಹಿಂದೆ ನಾವು ಮೆಚ್ಚಬೇಕಾದ ಯೋಜನೆಯಿದ್ದರೆ, ಅವನು ಅಳುವ ಅಗತ್ಯವೇ ಇರಲಿಲ್ಲ. ನೋವು ನೋವೇ. ಅದಕ್ಕೆ ಒಳ್ಳೆಯ ಹೆಸರಿಡಬೇಕೆಂದು ಕ್ರೈಸ್ತ ನಂಬಿಕೆ ನಮ್ಮಿಂದ ಕೇಳುವುದಿಲ್ಲ.

ಇನ್ನು ಒಪ್ಪಿಸುವುದು, ಅಂದರೆ ನಮ್ಮ ನೋವನ್ನು ಕ್ರಿಸ್ತನ ನೋವಿನೊಂದಿಗೆ ಸೇರಿಸಿ ದೇವರಿಗೆ ಅರ್ಪಿಸುವುದು. ನಿಮ್ಮ ಸಭೆಯಲ್ಲಿ ಇದಕ್ಕೆ ಆಳವಾದ ಪರಂಪರೆಯಿದೆಯೆಂದು ಬಲ್ಲೆ. 1981ರಲ್ಲಿ ಗುಂಡೇಟು ತಿಂದು ಬದುಕಿದ ಪೋಪ್ ಎರಡನೆಯ ಜಾನ್ ಪಾಲ್ ಅವರು 1984ರಲ್ಲಿ ನೋವಿನ ಅರ್ಥದ ಬಗ್ಗೆಯೇ ಒಂದು ಪತ್ರ ಬರೆದರು. ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ಅವರು ಅದರಲ್ಲಿ ಮುಂದಿಟ್ಟಿರುವುದನ್ನು ಗಮನಿಸಿ. ಅಂದರೆ ನರಳುವವನ ಒಪ್ಪಿಸುವಿಕೆ ಒಂದು ಕಡೆಯಾದರೆ, ದಾರಿಯಲ್ಲಿ ಬಿದ್ದವನ ಬಳಿ ನಿಲ್ಲುವವನ ಕೈ ಇನ್ನೊಂದು ಕಡೆ, ಎರಡನ್ನೂ ಬಿಡಿಸುವಂತಿಲ್ಲ. ನರಳುವವಳಿಗೆ ಒಪ್ಪಿಸಿಬಿಡು ಎಂದು ಹೇಳಿ ನಾವು ಎದ್ದು ಹೋಗುವಂತಿಲ್ಲ. ಒಪ್ಪಿಸುವುದೋ ಬಿಡುವುದೋ ನಿಮ್ಮ ಪತ್ನಿಯ ಆಯ್ಕೆ, ಅಣ್ಣಾ. ಅವರ ಪರವಾಗಿ ನೀವೂ ಒಪ್ಪಿಸಲಾರಿರಿ. ವಾರಕ್ಕೆ ಎರಡು ಸಲ ಮಡಿಕೇರಿಗೆ ಹೋಗಿ ಬರುವುದು ನಿಮ್ಮ ಪಾಲಿನದು, ಅದನ್ನು ನೀವು ಮಾಡುತ್ತಲೇ ಇದ್ದೀರಿ.

ಭರವಸೆಯ ಬಗ್ಗೆ ನೀವು ಕೇಳಿದ್ದೀರಿ. ನಾವು ಓದುವ ಸತ್ಯವೇದದಲ್ಲಿ (ಬೈಬಲಿನಲ್ಲಿ) ಆ ಜಾಗದಲ್ಲಿ ನಿರೀಕ್ಷೆ ಎಂಬ ಪದವಿದೆ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ ಎಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ನಾನು ಚಿಕ್ಕಂದಿನಿಂದ ಬಾಯಿಪಾಠ ಹೇಳಿದ್ದೆ. ಮಗ ಹೋದ ಮೇಲೆಯೇ ಆ ಪದ ಕಿವಿಗೆ ಬಿದ್ದದ್ದು. ಭರವಸೆಯೆಂದರೆ ಗಟ್ಟಿಯಾಗಿರಬೇಕು, ಎದೆಯೊಳಗೆ ಧೈರ್ಯವಿರಬೇಕು ಎಂದು ತೋರುತ್ತಿತ್ತು, ನನಗದು ಇರಲಿಲ್ಲ. ನಿರೀಕ್ಷೆಗೆ ಅಷ್ಟು ಬೇಕಾಗಿಲ್ಲ. ಮಾರ್ಚ್ ತಿಂಗಳಲ್ಲಿ ಮೊಗ್ಗು ಕಟ್ಟಿದ ಕಾಫಿ ಗಿಡದ ಮುಂದೆ ನಿಂತು, ಮೊಗ್ಗನ್ನು ಅರಳಿಸುವ ಹೂಮಳೆಗಾಗಿ ಆಕಾಶ ನೋಡುವವನಂತೆ, ಬರುವವನ ದಾರಿಯತ್ತ ಕಣ್ಣಿಟ್ಟುಕೊಂಡಿದ್ದರೆ ಸಾಕು. ಮಳೆಯನ್ನು ತರಿಸುವ ಶಕ್ತಿ ಅವನಲ್ಲಿಲ್ಲ. ಆದರೂ ಅವನು ತೋಟ ಬಿಟ್ಟು ಹೋಗುವುದಿಲ್ಲ. ಕ್ರಿಸ್ತನು ಎದ್ದನು ಎಂಬುದೊಂದನ್ನು ಹಿಡಿದುಕೊಂಡು ನಾನು ಹಾಗೆಯೇ ನಿಂತಿದ್ದೇನೆ. ಎದ್ದ ಮೇಲೆಯೂ ಅವನ ಕೈಗಳಲ್ಲಿ ಮೊಳೆಯ ಗುರುತು ಉಳಿದಿತ್ತಲ್ಲ, ನನ್ನ ಮಗನ ನೆನಪನ್ನು ಅಳಿಸಿಕೊಂಡು ನಾನು ಗುಣವಾಗಬೇಕಿಲ್ಲ ಎಂಬ ಧೈರ್ಯ ಬಂದದ್ದು ಅದರಿಂದ.

ಪ್ರಾರ್ಥನೆ ಬಾರದ ದಿನಗಳಲ್ಲಿ ಎಂಬತ್ತೆಂಟನೆಯ ಕೀರ್ತನೆಯನ್ನು ಓದಿ. ಉಳಿದ ಪ್ರಲಾಪದ ಕೀರ್ತನೆಗಳು ಸಾಮಾನ್ಯವಾಗಿ ಸ್ತೋತ್ರದತ್ತ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನೂ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡವರಿಗೆ ನಾನು ಋಣಿ.

ಹಟ್ಟಿಹೊಳೆ ಬೆಳೆಗಾರ:

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಈ ಉತ್ತರಗಳನ್ನೆಲ್ಲ ಪತ್ನಿಗೆ ಓದಿ ಹೇಳಿದೆ. ಕನ್ಯಾಸ್ತ್ರೀಯವರ ಬೋಗುಣಿಯ ಮಾತು ಬಂದಾಗ ಮತ್ತೊಮ್ಮೆ ಓದಿರೆಂದಳು. ಒಪ್ಪಿಸುವ ವಿಚಾರಕ್ಕೆ ಬಂದಾಗ ಅವಳು ಹೇಳಿದ್ದು ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಕಳೆದ ಶುಭ ಶುಕ್ರವಾರದ ಆರಾಧನೆಯಲ್ಲಿ ಯೊವಾನ್ನನ ಶುಭಸಂದೇಶದಿಂದ ಯಾತನೆಯ ವೃತ್ತಾಂತವನ್ನು ಓದುತ್ತಿದ್ದಾಗ, ಶಿಲುಬೆಯ ಮೇಲಿನ ಯೇಸು ನನಗೆ ದಾಹವಾಗಿದೆ ಎಂದ ಕಡೆ ಅವಳಿಗೆ ಗಂಟಲು ಕಟ್ಟಿತಂತೆ. ಅಲ್ಲಿಯವರೆಗೆ ಆ ಮಾತನ್ನು ವರ್ಷ ವರ್ಷವೂ ಕೇಳಿದ್ದಳು. ಅಂದು ಬೆಳಿಗ್ಗೆ ಮಾತ್ರೆಗೆಂದು ಲೋಟದ ನೀರೆಲ್ಲ ಮುಗಿದಿತ್ತು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. "ಇವರಿಗೆ ಇದು ಗೊತ್ತಲ್ಲ ಅಂತ ಅನ್ನಿಸಿತು, ಅಷ್ಟೇ" ಎಂದಳು. ಅಂದಿನಿಂದ ದಾಹ ತಡೆಯಲಾಗದಾಗ ಅವಳು ಆ ಒಂದು ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾಳೆ. ದಾಹವೇನೂ ಕಡಿಮೆಯಾಗುವುದಿಲ್ಲವಂತೆ. ಒಬ್ಬಳೇ ಇದ್ದೇನೆ ಎನ್ನಿಸುವುದಿಲ್ಲವಂತೆ.

ನಾಳೆ ಡಯಾಲಿಸಿಸ್ ಇದೆ; ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡಬೇಕು. ಸಿದ್ದಾಪುರದ ಅಕ್ಕನವರು ಹೇಳಿದ ಕೀರ್ತನೆಗೆ ಚೀಟಿ ಇಟ್ಟು ಬೈಬಲನ್ನು ಅವಳ ಚೀಲಕ್ಕೆ ಹಾಕಿದ್ದೇನೆ, ಲೋಟದ ಪಕ್ಕದಲ್ಲಿ.