ಬಸ್ ಡ್ರೈವರ್‌ನ ಕೇಳಿ: ನನ್ನನ್ನು ದಾಟಿದ ತಕ್ಷಣ ಎಡಕ್ಕೇ ಯಾಕೆ ನುಗ್ಗುತ್ತೀರಿ?

ಪ್ರಶ್ನೆ: ಸರ್, ನಾನು ಮಾರತಹಳ್ಳಿಯಿಂದ ಬೆಳ್ಳಂದೂರಿಗೆ ದಿನಾ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ. ಧೂಳು, ಹೊಗೆ, ಗುಂಡಿ ಎಲ್ಲ ಅಭ್ಯಾಸವಾಗಿದೆ. ತಡೆಯೋಕೆ ಆಗದೇ ಇರೋದು ಒಂದೇ. ಬಸ್ಸು ನನ್ನನ್ನು ದಾಟಿದ್ದೇ ತಡ, ಸೀದಾ ಎಡಕ್ಕೆ ಬಂದು ಸ್ಟಾಪಿನಲ್ಲಿ ನಿಲ್ಲುತ್ತದೆ, ನಾನು ಫುಟ್‌ಪಾತಿನ ಕಲ್ಲಿಗೂ ಬಸ್ಸಿಗೂ ನಡುವೆ ಸಿಕ್ಕಿಕೊಳ್ಳುತ್ತೇನೆ. ಮೊನ್ನೆ ಬ್ರೇಕ್ ಹಿಡಿದು ಕಾಲು ಊರಿದಾಗ ಮೊಣಕೈ ಬಸ್ಸಿನ ತಗಡಿಗೆ ಉಜ್ಜಿತು. ಎರಡು ಸೆಕೆಂಡ್ ಕಾಯೋಕೆ ಏನು ಕಷ್ಟ? ಸುಮ್ನೆ ಸಮಾಧಾನ ಮಾಡಬೇಡಿ. ನಾವು ಕಾಣಿಸೋದಿಲ್ವಾ, ಇಲ್ಲಾ ಕಂಡರೂ ಲೆಕ್ಕಕ್ಕಿಲ್ವಾ?

ಉತ್ತರ: ಎರಡೂ ಇದೆಯಮ್ಮ. ನಾನು 29 ವರ್ಷ ಬಸ್ ಓಡಿಸಿದವನು, ಕೊನೆಕೊನೆಗೆ ಹೊಸಬರಿಗೆ ಕಲಿಸುತ್ತಿದ್ದೆ. ಓವರ್‌ಟೇಕ್ ಮಾಡುವಾಗ ನೀವು ಕಂಡೇ ಕಂಡಿರುತ್ತೀರಿ. ಆಮೇಲೆ ಡ್ರೈವರ್ ತಲೆಯಲ್ಲಿ ‘ಸೈಕಲ್ ಹಿಂದಕ್ಕೆ ಹೋಯ್ತು’ ಅಂತ ಕೂತುಬಿಡುತ್ತದೆ. ದೊಡ್ಡ ಬಸ್ಸು ಅಂದರೆ 12 ಮೀಟರ್ ಉದ್ದ, ಅವನ ಸೀಟು ನಿಮ್ಮನ್ನು ದಾಟಿದರೂ ಹಿಂದಿನ ಚಕ್ರ ಇನ್ನೂ ನಿಮ್ಮ ಪಕ್ಕದಲ್ಲೇ ಇರುತ್ತದೆ. ಅಷ್ಟರಲ್ಲಿ ಸ್ಟಾಪಿನ ಜನ ರಸ್ತೆಗೇ ಇಳಿದು ಕೈ ಅಡ್ಡ ಹಾಕುತ್ತಾರೆ, ಕಣ್ಣು ಅಲ್ಲಿಗೆ ಹೋಯಿತು. ಟ್ರಿಪ್ ಬೇರೆ ಲೇಟಾಗಿರುತ್ತದೆ. ಇದು ಕಾರಣ ಅಷ್ಟೇ, ತಪ್ಪು ಡ್ರೈವರ್‌ನದ್ದೇ. ಸ್ಟಾಪ್ ಕಣ್ಣಿಗೆ ಕಾಣುತ್ತಿದ್ದರೆ ಬಸ್ಸು ಸೈಕಲ್‌ನ ಹಿಂದೆಯೇ ಬರಬೇಕು.

ನಾನು ಟ್ರೈನಿಂಗಿನಲ್ಲಿ ಒಂದು ಕೆಲಸ ಮಾಡುತ್ತಿದ್ದೆ. ಬಸ್ಸಿನ ಎಡಕ್ಕೆ ಅಂಟಿದ ಹಾಗೆ ಒಂದು ಹಳೇ ಸೈಕಲ್ ನಿಲ್ಲಿಸಿ, ಹುಡುಗನನ್ನು ಸೀಟಿನಲ್ಲಿ ಕೂರಿಸಿ ‘ಸೈಕಲ್ ಎಲ್ಲಿದೆ ಹೇಳು’ ಅನ್ನುತ್ತಿದ್ದೆ. ಮುಂದಿನ ಬಾಗಿಲ ಹತ್ತಿರ ನಿಲ್ಲಿಸಿದರೆ ಜಾಸ್ತಿ ಜನಕ್ಕೆ ಕಾಣುತ್ತಲೇ ಇರಲಿಲ್ಲ. ಆಮೇಲೆ ಅವನನ್ನೇ ಸೈಕಲ್ ಮೇಲೆ ಕೂರಿಸಿ ಪಕ್ಕದಲ್ಲಿ ಬಸ್ ಓಡಿಸುತ್ತಿದ್ದೆ. ಒಬ್ಬ ಸೈಕಲ್ ಬಿಟ್ಟು ಚರಂಡಿ ಕಡೆಗೆ ಹಾರಿಬಿಟ್ಟ!

ಪ್ರಶ್ನೆ: ಹಾಗಾದರೆ ನಾನು ಇನ್ನೂ ಎಡಕ್ಕೆ ಅಂಟಿಕೊಂಡು ಹೋಗಬೇಕಾ?

ಉತ್ತರ: ಬೇಡವೇ ಬೇಡ. ಅಂಚಿಗೆ ಅಂಟಿಕೊಂಡಷ್ಟೂ ‘ಜಾಗ ಇದೆ’ ಅಂದುಕೊಂಡು ನುಗ್ಗುತ್ತಾರೆ. ಅಂಚಿನಿಂದ ಮೂರಡಿ ಬಿಟ್ಟು, ನೇರವಾಗಿ ಓಡಿಸಿ. ಗುಂಡಿ ಕಂಡರೆ ಕೊನೇ ಗಳಿಗೆಯಲ್ಲಿ ಬಲಕ್ಕೆ ಎಳೆಯಬೇಡಿ, ಮೊದಲೇ ಹಿಂದೆ ತಿರುಗಿ ನೋಡಿ ಕೈ ತೋರಿಸಿ. ನಿಂತ ಬಸ್ಸಿನ ಎಡಕ್ಕಂತೂ ತೂರಲೇಬಾರದು, ಜನ ಇಳಿಯೋದು ಅಲ್ಲೇ. ಸಿಗ್ನಲ್‌ನಲ್ಲಿ ಬಸ್ಸು ಎಡಕ್ಕೆ ತಿರುಗುವುದಿದ್ದರೆ ಹಿಂದೆಯೇ ನಿಲ್ಲಿ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗೋದಿಲ್ಲ, ಒಳಗೆ ಕಟ್ ಆಗಿ ಬರುತ್ತದೆ.

ಇನ್ನೊಬ್ಬರು: ಇದಕ್ಕೆಲ್ಲ ಬೇರೆ ಲೇನೇ ಬೇಕು ಸರ್. 2020ರಲ್ಲಿ ನೀವು ಹೋಗೋ ಇದೇ ಔಟರ್ ರಿಂಗ್ ರೋಡಿನಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದ್ದರು, ಬೈಕಿನವರು ಅದರೊಳಗೂ ನುಗ್ಗಿದರು. ಅಂದಹಾಗೆ ಮೊಣಕೈ ತಾಗಿತು ಅಂದ್ರಲ್ಲ, ಗಾಡಿ ನಂಬರ್ ಬರೆದುಕೊಂಡ್ರಾ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರಲ್ಲಿ ಅಪಾಯಕಾರಿ ಚಾಲನೆಗೆ ಮೊದಲ ಸಲವೇ 1,000ದಿಂದ 5,000 ರೂಪಾಯಿ ದಂಡ ಇದೆ, ಜೈಲೂ ಆಗಬಹುದು. ಏಟಾದರೆ ಗಾಡಿಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸೈಕಲ್‌ನವರಿಗೂ ಅನ್ವಯಿಸುತ್ತದೆ. ನಂಬರ್ ಇಲ್ಲದಿದ್ದರೆ ಯಾರ ಮೇಲೆ ಅಂತ ಕೇಸ್ ಹಾಕ್ತೀರಿ?

ಪ್ರಶ್ನೆ: ನಂಬರ್ ನೋಡೋಷ್ಟು ಧೈರ್ಯ ಅವತ್ತು ಇರಲಿಲ್ಲ, ಕೈಕಾಲು ನಡುಗುತ್ತಿತ್ತು. ಸರ್, ಇವತ್ತು ಮೂರಡಿ ಬಿಟ್ಟು ಓಡಿಸಿ ನೋಡಿದೆ. ಸ್ಟಾಪ್ ಬರೋವರೆಗೂ ಒಂದು ಬಸ್ಸು ಹಿಂದೇನೇ ಬಂತು. ಆದರೆ ಹಾರ್ನ್ ಮೇಲಿಂದ ಕೈಯೇ ತೆಗೆಯಲಿಲ್ಲ ಮಹಾರಾಯ!

ಉತ್ತರ: ಹೊಡೀಲಿ ಬಿಡಮ್ಮ. ನೀವು ಅವನ ಕಣ್ಣಿಗೆ ಕಂಡಿದ್ದೀರಿ ಅಂತಾಯ್ತಲ್ಲ.