ಹಿನ್ನೀರಿನ ಸಾಕ್ಷ್ಯಚಿತ್ರಗಳು ಯಾರನ್ನು ಒಪ್ಪಿಸುತ್ತವೆ?

ಪ್ರಶ್ನೆ (ಸಾಗರದಿಂದ, ಅಧ್ಯಾಪಕ)

ಶರಾವತಿ ಕಣಿವೆಯ ಮುಳುಗಡೆಯನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ತರಗತಿಯಲ್ಲಿ ತೋರಿಸುವಾಗಲೆಲ್ಲ ನಾನೊಂದು ವ್ಯತ್ಯಾಸವನ್ನು ಗಮನಿಸುತ್ತಿದ್ದೇನೆ. ಹೊರ ಜಿಲ್ಲೆಗಳಿಂದ ಬಂದ ವಿದ್ಯಾರ್ಥಿಗಳು ಚಿತ್ರ ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡ ಮನೆತನಗಳ ಮಕ್ಕಳು ಮಾತ್ರ, ಭೂಮಿಯ ಹಕ್ಕುಪತ್ರದ ಪ್ರಶ್ನೆ ಇದರಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ. ಒಂದೇ ಚಿತ್ರ ಒಬ್ಬರನ್ನು ಒಪ್ಪಿಸಿ, ವಿಷಯವನ್ನು ಬಲ್ಲ ಇನ್ನೊಬ್ಬರಲ್ಲಿ ಅಸಮಾಧಾನ ಉಳಿಸುವುದೇಕೆ? ನಮ್ಮನ್ನು ಒಪ್ಪಿಸುವುದು ಚಿತ್ರದಲ್ಲಿರುವ ಸಂಗತಿಗಳೋ, ಅವುಗಳನ್ನು ಜೋಡಿಸಿದ ಕ್ರಮವೋ?

ಉತ್ತರ 1 (ಹೊಸನಗರ)

ಮೇಷ್ಟ್ರೇ, ಜೋಡಣೆಗೂ ಮೊದಲಿನ ಒಂದು ಆಯ್ಕೆಯನ್ನು ನೋಡಿ: ಚಿತ್ರೀಕರಣ ಯಾವ ತಿಂಗಳಲ್ಲಿ ನಡೆದಿದೆ? ಮಳೆಗಾಲ ಮುಗಿದಾಗ ಡ್ರೋನ್ ಹಾರಿಸಿದರೆ ಹಸಿರು ನಡುಗಡ್ಡೆಗಳೂ ತುಂಬಿದ ನೀರೂ ಕಾಣುತ್ತವೆ, ಮತ್ತು ನೋಡುಗ ಅಣೆಕಟ್ಟನ್ನು ಮನಸ್ಸಿನಲ್ಲೇ ಕ್ಷಮಿಸಿಬಿಡುತ್ತಾನೆ. ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಅದೇ ಜಾಗಕ್ಕೆ ಹೋದರೆ ಮರದ ಬೊಡ್ಡೆಗಳು, ಒಣಗಿ ಬಿರುಕುಬಿಟ್ಟ ಕೆಸರು, ಜೊತೆಗೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿಹೋದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಕಾಣಿಸುತ್ತದೆ. ಎರಡೂ ದೃಶ್ಯಗಳು ನಿಜವೇ; ಯಾವುದರಲ್ಲೂ ಒಂದು ಸುಳ್ಳು ಮಾತಿಲ್ಲ. ಆದರೂ ನಿರೂಪಕ ಬಾಯಿ ತೆರೆಯುವ ಮೊದಲೇ ವಾದ ಅರ್ಧ ಗೆದ್ದಾಗಿರುತ್ತದೆ. ವರ್ಷವಿಡೀ ಆ ನೀರಿನ ಏರಿಳಿತ ಕಂಡವರಿಗೆ ಈ ಆಯ್ಕೆ ಥಟ್ಟನೆ ಹೊಳೆಯುತ್ತದೆ, ಉಳಿದವರಿಗೆ ಹೊಳೆಯುವುದಿಲ್ಲ. ನಿಮ್ಮ ತರಗತಿಯ ಭೇದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ.

ಉತ್ತರ 2 (ತೀರ್ಥಹಳ್ಳಿ)

ಈ ತೊಡಕು ಸಾಕ್ಷ್ಯಚಿತ್ರದಷ್ಟೇ ಹಳೆಯದು. 1922ರ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಹಿಮದ ಮನೆಯ ಒಂದು ಭಾಗವನ್ನು ತೆರೆದಿಟ್ಟು ಕಟ್ಟಿಸಿದರು, ಏಕೆಂದರೆ ಒಳಗೆ ಕ್ಯಾಮೆರಾಕ್ಕೆ ಬೇಕಾದಷ್ಟು ಬೆಳಕಿರಲಿಲ್ಲ. ಇದನ್ನು ನಾನು ತಪ್ಪೆನ್ನಲಾರೆ. ಬಂದೂಕು ಬಳಸುತ್ತಿದ್ದ, ಉತ್ತರ ಧ್ರುವ ಸೀಮೆಯ ಇನ್ಯೂಟ್ ಜನರಿಂದ ಹಳೆಯ ಈಟಿಯ ಬೇಟೆಯನ್ನು ಮಾಡಿಸಿ, ಅದನ್ನು ಅವರ ಇಂದಿನ ಬದುಕೆಂಬಂತೆ ತೋರಿಸಿದ್ದು ಮಾತ್ರ ಬೇರೆಯೇ ಸಂಗತಿ. ಅಲ್ಲಿ ನೋಡುಗನಿಗೆ ಕಾಲವನ್ನೇ ಮರೆಮಾಚಲಾಯಿತು.

ನಮ್ಮಲ್ಲಿ ಇನ್ನೊಂದು ಅಭ್ಯಾಸವೂ ಬೇರೂರಿತ್ತು. 1948ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಚಿತ್ರಮಂದಿರಗಳು ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು. ಅವುಗಳ ನಿರೂಪಕನ ಗಂಭೀರ ಗಂಡುದನಿಯನ್ನು ನಂಬಿದವರಿಗಿಂತ, ಅದು ಮುಗಿಯಲೆಂದು ಹೊರಗೆ ಬೀಡಿ ಸೇದುತ್ತ ನಿಂತವರೇ ಹೆಚ್ಚಿರಬೇಕು! ಕಡ್ಡಾಯ ಮಾಡಿದ ಮಾತ್ರಕ್ಕೆ ಮನವೊಲಿಯುವುದಿಲ್ಲ.

ಉತ್ತರ 3 (ಕಳಸ)

ಇಬ್ಬರೂ ಚಿತ್ರದ ಒಳಗನ್ನೇ ನೋಡುತ್ತಿದ್ದೀರಿ. ಅದು ಯಾರ ಮುಂದೆ ಹೋಗುತ್ತದೆ ಎಂಬುದೂ ಮುಖ್ಯ. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಯ ಮೇಲೆ ಶೇಖರ್ ದತ್ತಾತ್ರಿಯವರು 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಪುಟ್ಟ ಚಿತ್ರ ಮಾಡಿದರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಚಿತ್ರವೇ ಗಣಿಯನ್ನು ನಿಲ್ಲಿಸಿತೆಂದು ಹೇಳುವುದು ಅತಿಶಯೋಕ್ತಿ. ಅರ್ಜಿ, ದಾಖಲೆ, ಭದ್ರೆಗೆ ಸೇರುತ್ತಿದ್ದ ಹೂಳಿನ ವಾದಗಳು ಅದರ ಜೊತೆಗಿದ್ದವು. ಕಡತದ ಪುಟಗಳಲ್ಲಿ ಕಾಣದ ಗುಡ್ಡದ ಗಾಯವನ್ನು ಕಣ್ಣಿಗೆ ಕಾಣಿಸುವುದು ಚಿತ್ರದಿಂದ ಆಗುವ ಕೆಲಸ. ಗಣಿಯ ಕೆಲಸವನ್ನೇ ನಂಬಿದ್ದ ಕುಟುಂಬವೊಂದು ಅದೇ ದೃಶ್ಯವನ್ನು ಕಾಡಿನ ಗೆಲುವೆಂದು ನೋಡಲು ಸಾಧ್ಯವೇ? ಹಾಗೆಂದು ಆ ಚಿತ್ರ ಸುಳ್ಳಾಗುವುದೂ ಇಲ್ಲ.

ಪ್ರಶ್ನೆ ಕೇಳಿದವರು

ಕಳಸದವರ ಮಾತು ಒಪ್ಪಿದೆ, ಆದರೆ ಪೂರ್ತಿಯಾಗಿ ಅಲ್ಲ. ನ್ಯಾಯಾಲಯದ ಮುಂದೆ ಚಿತ್ರಕ್ಕೆ ಎದುರು ವಾದ ಮಾಡುವ ವಕೀಲರಿರುತ್ತಾರೆ; ನನ್ನ ತರಗತಿಯಲ್ಲಿ ಅಂಥವರಿಲ್ಲ, ಹಿನ್ನೆಲೆ ಸಂಗೀತವಂತೂ ಇದ್ದೇ ಇರುತ್ತದೆ.

ಉತ್ತರ 1 (ಹೊಸನಗರ)

ಹಾಗಾದರೆ ಮೊದಲ ಹತ್ತು ನಿಮಿಷವನ್ನು ಧ್ವನಿಯಿಲ್ಲದೆ ತೋರಿಸಿ, ಕಂಡದ್ದನ್ನು ಬರೆಸಿ. ಬಳಿಕ ಧ್ವನಿಯೊಂದಿಗೆ ತೋರಿಸಿ ಮತ್ತೆ ಬರೆಸಿ. ಎರಡು ಬರಹಗಳ ನಡುವೆ ಬದಲಾದದ್ದು ಏನೆಂದು ಮುಳುಗಡೆ ಮನೆತನದ ಮಕ್ಕಳಿಂದಲೇ ಚರ್ಚೆ ಶುರುಮಾಡಿಸಿ. ಹಕ್ಕುಪತ್ರದ ಪ್ರಶ್ನೆ ಆಗಲೂ ಏಳುತ್ತದೆ, ಅದಕ್ಕೆ ಸರ್ಕಾರಿ ಆದೇಶಗಳ ಪ್ರತಿಯನ್ನು ಕೈಯಲ್ಲಿಟ್ಟುಕೊಂಡೇ ತರಗತಿಗೆ ಹೋಗಿ.